ಹಳೆ ಕಂಪ್ಯೂಟರ್ ಮಾರುವ ಮುನ್ನ: ‘ಫಾರ್ಮ್ಯಾಟ್ ಹೊಡೆಸಿದೆ’ ಅಂದರೆ ಸಾಲದು

ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಹೋಟೆಲ್ ನಡೆಸುವ ನಮ್ಮ ಕಡೆಯ ಅಣ್ಣನೊಬ್ಬರು ಫೋನ್ ಮಾಡಿದ್ದರು. ಗಲ್ಲಾದ ಪಕ್ಕದ ಬಿಲ್ಲಿಂಗ್ ಕಂಪ್ಯೂಟರ್ ಹಳತಾಗಿ ಹೊಸದು ತಂದಿದ್ದಾರೆ, ಹಳೆಯದನ್ನು ಕಂಪ್ಯೂಟರ್ ಅಂಗಡಿಗಳಿರುವ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಕೊಡಬೇಕು, ಶನಿವಾರ ಜೊತೆಗೆ ಬರ್ತೀಯಾ, ನಿನಗಾದರೆ ಅವರ ಭಾಷೆ ಗೊತ್ತು ಅಂದರು. ಭಾಷೆ ಅಂದರೆ ಹಿಂದಿ–ಮರಾಠಿ ಅಲ್ಲ, ಅದು ನನಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ರ‍್ಯಾಮ್ ಎಷ್ಟು, ಎಷ್ಟನೇ ಜನರೇಷನ್, ಎಸ್‌ಎಸ್‌ಡಿ ಇದೆಯಾ ಎನ್ನುವ ಭಾಷೆ.

‘ಒಳಗಿರುವುದನ್ನೆಲ್ಲ ತೆಗೆದಾಯ್ತಾ ಅಣ್ಣ?’

‘ಹುಡುಗನನ್ನು ಕರೆಸಿ ಫಾರ್ಮ್ಯಾಟ್ ಹೊಡೆಸಿದ್ದೇನೆ ಮಾರಾಯ. ಫುಲ್ ಕ್ಲೀನ್.’

ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಡೊಂಬಿವಿಲಿಗೆ ಹೋಗುವ ದಾರಿಯಲ್ಲಿ ಠಾಣೆಯಲ್ಲಿ ಇಳಿದು ಹೋಟೆಲಿಗೆ ಹೋದೆ. ಕಂಪ್ಯೂಟರ್ ಆನ್ ಮಾಡಿದರೆ ಹೊಸ ವಿಂಡೋಸ್, ನೀಲಿ ವಾಲ್‌ಪೇಪರ್, ಡೆಸ್ಕ್‌ಟಾಪ್ ಮೇಲೆ ರೀಸೈಕಲ್ ಬಿನ್ ಬಿಟ್ಟರೆ ಏನೂ ಇಲ್ಲ. ನೋಡಲು ಫುಲ್ ಕ್ಲೀನೇ. ಆದರೆ ‘ದಿಸ್ ಪಿಸಿ’ ತೆರೆದರೆ ಡಿ ಡ್ರೈವ್ ಇದ್ದ ಹಾಗೇ ಇತ್ತು. ಅದರಲ್ಲಿ ‘ಹುಡುಗರು’ ಎಂಬ ಫೋಲ್ಡರ್. ಕುಂದಾಪುರ, ಕಾರ್ಕಳ ಕಡೆಯಿಂದ ಬಂದು ಕೆಲಸ ಮಾಡಿ ಹೋದವರೆಲ್ಲರ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಮೆಡಿಕಲ್ ಸರ್ಟಿಫಿಕೇಟ್. ಸಿ ಡ್ರೈವ್‌ನಲ್ಲಿ ಕಣ್ಣಿಗೇನೂ ಕಾಣಲಿಲ್ಲ, ಸರಿ. ಪೆನ್‌ಡ್ರೈವ್‌ನಲ್ಲಿದ್ದ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಅದರ ಮೇಲೆ ಓಡಿಸಿದೆ. ಅಣ್ಣ ಎರಡು ಕಾಫಿ ತರಿಸುವಷ್ಟರಲ್ಲಿ ಅವರ ಮಗಳ ನಾಮಕರಣದ ಫೋಟೋಗಳು ಒಂದೊಂದಾಗಿ ಎದ್ದು ಬರತೊಡಗಿದವು. ಹೆಸರಿಲ್ಲ, ಫೋಲ್ಡರ್ ಇಲ್ಲ, ಬರೀ ಎಫ್ ಅಕ್ಷರ ಮತ್ತು ಅದರ ಮುಂದೆ ಉದ್ದದ ಸಂಖ್ಯೆ. ಆದರೆ ತೆರೆದರೆ ಫೋಟೋ ಸ್ಪಷ್ಟ.

ಅಣ್ಣ ಕಾಫಿ ಕೆಳಗಿಟ್ಟರು. ‘ಹಾಗಾದರೆ ಆ ಹುಡುಗ ಮಾಡಿದ್ದು ಎಂತ?’

ಅವನು ಮೋಸ ಮಾಡಿಲ್ಲ. ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದಾನೆ. ನಮ್ಮಲ್ಲಿ ಫಾರ್ಮ್ಯಾಟ್ ಹೊಡೆಸುವುದು ಅಂದರೆ ಅಷ್ಟೇ. ಕಂಪ್ಯೂಟರ್ ನಿಧಾನವಾದಾಗ, ವೈರಸ್ ಹೊಕ್ಕಾಗ ಮಾಡುವ ಚಿಕಿತ್ಸೆ ಅದು. ಮಾರುವಾಗ ಬೇಕಾದದ್ದು ಬೇರೆ.

ಈಗ ಇದನ್ನು ಬರೆಯಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ ಈಚಿನದೇ ಆಗಬೇಕು. ಅಣ್ಣನ ಕಂಪ್ಯೂಟರ್ 7ನೇ ಜನರೇಷನ್. ಇನ್ನೂ ಗಟ್ಟಿಯಾಗಿಯೇ ಇರುವ ಇಂಥ ಎಷ್ಟೋ ಯಂತ್ರಗಳು ಮನೆ, ಅಂಗಡಿ, ಸಂಘದ ಆಫೀಸುಗಳಿಂದ ಹೊರಬೀಳುತ್ತಿವೆ.

ಸೊಸೈಟಿಯ ಬೋರ್ಡ್ ಮತ್ತು ಒಳಗಿನ ಸಾಮಾನು

ಮುಂಬಯಿಯ ಯಾವ ಬಿಲ್ಡಿಂಗಿಗೆ ಹೋದರೂ ಕೆಳಗೆ ಲಿಫ್ಟಿನ ಹತ್ತಿರ ಒಂದು ಬೋರ್ಡ್ ಇರುತ್ತದೆ: 101 ಶೆಟ್ಟಿ, 102 ಕುಲಕರ್ಣಿ, 103 ಪೂಜಾರಿ. 103ರ ಹೆಸರನ್ನು ಬೋರ್ಡಿನಿಂದ ಕಿತ್ತು ಹಾಕಿದರೆ ವಾಚ್‌ಮನ್‌ನ ಮಟ್ಟಿಗೆ ಆ ಮನೆ ಖಾಲಿ. ಬೇರೆಯವರನ್ನು ಕಳಿಸಬಹುದು. ಆದರೆ ಒಳಗೆ ಕಪಾಟು, ಮಂಚ, ದೇವರ ಫೋಟೋ ಎಲ್ಲ ಇದ್ದಲ್ಲೇ ಇವೆ. ಹೊಸಬರು ಬಂದು ತಮ್ಮ ಸಾಮಾನು ಇಡಲು ಅವನ್ನು ಹೊರಗೆಸೆಯುವ ತನಕ ಇದ್ದೇ ಇರುತ್ತವೆ.

ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಡಿಲೀಟ್ ಮಾಡಿದರೆ ಆಗುವುದು ಇದೇ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಮಾಸ್ಟರ್ ಫೈಲ್ ಟೇಬಲ್ ಎಂಬ ಬೋರ್ಡ್ ಇದೆ. ಯಾವ ಫೈಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಡಿಲೀಟ್ ಮಾಡಿದರೆ ಆ ದಾಖಲೆಗೆ ‘ಈ ಜಾಗ ಬಿಡುವಾಗಿದೆ’ ಎಂಬ ಗುರುತು ಬೀಳುತ್ತದೆ. ರೀಸೈಕಲ್ ಬಿನ್ ಖಾಲಿ ಮಾಡಿದರೂ ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಅಂದರೆ ಬೋರ್ಡನ್ನೇ ಬದಲಾಯಿಸಿ ಹೊಸ ಖಾಲಿ ಬೋರ್ಡ್ ತೂಗುಹಾಕುವುದು. 1 ಟಿಬಿ ಡಿಸ್ಕ್ ಕೆಲವೇ ಸೆಕೆಂಡಿನಲ್ಲಿ ಫಾರ್ಮ್ಯಾಟ್ ಆಗುವುದು ಹೇಗೆ ಎಂದು ಯಾರಿಗಾದರೂ ಅನುಮಾನ ಬಂದಿದ್ದರೆ ಉತ್ತರ ಇದು: ಯಾರೂ ಮನೆಯೊಳಗೆ ಕಾಲೇ ಇಟ್ಟಿಲ್ಲ. ಫೋಟೋರೆಕ್‌ನಂಥವು ಬೋರ್ಡನ್ನು ನೋಡುವುದೇ ಇಲ್ಲ, ನೇರ ಒಂದೊಂದು ಬಾಗಿಲು ತಟ್ಟಿ ಒಳಗೇನಿದೆ ಎಂದು ನೋಡುತ್ತವೆ. ಫೈಲುಗಳ ಹಳೆಯ ಹೆಸರು ಬರದಿರುವುದು ಅದಕ್ಕೇ.

ಕ್ವಿಕ್ ಎಂಬುದರ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಮಾತು ಬೇರೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಅಂದರೆ ಡಿಸ್ಕಿನ ತುಂಬ ಸೊನ್ನೆ ಬರೆಯುವುದು. ಹಳೆಯದರ ಮೇಲೆ ಹೊಸದು ಕೂತರೆ ಹಳೆಯದು ಹೋಯಿತು.

ಎಷ್ಟು ಸಲ ಬರೆಯಬೇಕು ಎಂಬ ಬಗ್ಗೆ ಒಂದು ದಂತಕತೆಯೇ ಇದೆ. 1996ರಲ್ಲಿ ಪೀಟರ್ ಗಟ್‌ಮನ್ ಎಂಬ ಸಂಶೋಧಕರು ಅಂದಿನ ನಾನಾ ಬಗೆಯ ಡಿಸ್ಕುಗಳಿಗೆಲ್ಲ ಸೇರಿಸಿ 35 ಸುತ್ತಿನ ಒಂದು ವಿಧಾನ ಹೇಳಿದರು. ಜನ ಅದನ್ನು ಮಡಿ–ಮೈಲಿಗೆಯ ಶಾಸ್ತ್ರದಂತೆ ಹಿಡಿದುಕೊಂಡರು. ಹೊಸ ಡಿಸ್ಕುಗಳಿಗೆ 35 ಸುತ್ತು ಅರ್ಥವಿಲ್ಲದ್ದು ಎಂದು ಆಮೇಲೆ ಅವರೇ ಬರೆದರು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಸಾಕು. ಏಳು ಸುತ್ತು, ಹದಿನಾಲ್ಕು ಸುತ್ತು ಎಂದು ದುಡ್ಡು ಕೇಳುವ ತಂತ್ರಾಂಶಗಳನ್ನು ನಾನಂತೂ ಕೊಳ್ಳುವುದಿಲ್ಲ.

ಇದೆಲ್ಲ ಬರೀ ಹೆದರಿಕೆಯೇ, ಹಳೆ ಡಿಸ್ಕ್ ಕೊಂಡು ಯಾರು ಕೂತು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ಎಂಐಟಿಯ ಇಬ್ಬರು ಕೂತು ನೋಡಿದ್ದರು. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಂಡು, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಓದಲು ಬಂದದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಸಿಕ್ಕ ಕ್ರೆಡಿಟ್ ಕಾರ್ಡ್ ಸಂಖ್ಯೆಗಳೇ 5,000ಕ್ಕೂ ಮೇಲೆ. ಒಂದು ಡಿಸ್ಕ್ ಎಟಿಎಂ ಯಂತ್ರದ್ದೆಂದು ಕಾಣುತ್ತಿತ್ತು.

ಎಸ್‌ಎಸ್‌ಡಿ ಆದರೆ ಲೆಕ್ಕ ಬೇರೆ

ಲ್ಯಾಪ್‌ಟಾಪ್ ಈಚಿನದಾದರೆ ಒಳಗೆ ತಿರುಗುವ ಡಿಸ್ಕ್ ಇರುವುದಿಲ್ಲ, ಚಿಪ್‌ಗಳಲ್ಲೇ ಎಲ್ಲವನ್ನೂ ಇಟ್ಟುಕೊಳ್ಳುವ ಎಸ್‌ಎಸ್‌ಡಿ ಇರುತ್ತದೆ. ಇಲ್ಲಿ ‘ಮೇಲೆ ಬರೆದರೆ ಆಯಿತು’ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಇದನ್ನು ಅಣ್ಣನಿಗೆ ಹೇಳುವುದು ಸುಲಭವಾಯಿತು, ಅವರ ಅಡುಗೆಮನೆಯೇ ಎದುರಿಗಿತ್ತು.

ಹೋಟೆಲಿನಲ್ಲಿ ಇಡ್ಲಿ ತಿಂದ ತಟ್ಟೆಯನ್ನು ಅಲ್ಲೇ ಟೇಬಲ್ ಮೇಲೆ ತೊಳೆದು ಅದಕ್ಕೇ ದೋಸೆ ಹಾಕಿ ಕೊಡುವುದಿಲ್ಲ. ಎಂಜಲು ತಟ್ಟೆ ಒಳಗೆ ಹೋಗಿ ತೊಟ್ಟಿಯಲ್ಲಿ ಬೀಳುತ್ತದೆ, ದೋಸೆ ಬೇರೆ ತೊಳೆದ ತಟ್ಟೆಯಲ್ಲಿ ಬರುತ್ತದೆ. ತೊಟ್ಟಿಯಲ್ಲಿ ಒಂದು ರಾಶಿಯಾದ ಮೇಲೆ ಒಟ್ಟಿಗೆ ತೊಳೆಯುತ್ತಾರೆ. ಎಸ್‌ಎಸ್‌ಡಿಯೂ ಹೀಗೇ. ಅದರ ಚಿಪ್‌ನಲ್ಲಿ ಬರೆದ ಜಾಗದ ಮೇಲೆ ನೇರ ತಿದ್ದಿ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಬರೆಯುವಾಗ ಸಣ್ಣ ಸಣ್ಣ ಪುಟವಾಗಿ ಬರೆಯಬಹುದು, ಅಳಿಸುವಾಗ ಮಾತ್ರ ದೊಡ್ಡ ಬ್ಲಾಕ್ ಒಟ್ಟಿಗೇ ಅಳಿಸಬೇಕು. ಮೇಲಿಂದ ಪ್ರತಿ ಬ್ಲಾಕ್‌ಗೂ ಇಷ್ಟೇ ಸಲ ಅಳಿಸಬಹುದು ಎಂಬ ಆಯುಸ್ಸಿದೆ. ಒಂದೇ ತಟ್ಟೆ ಸವೆಯಬಾರದೆಂದು ಎಲ್ಲ ತಟ್ಟೆಗಳನ್ನೂ ಸುತ್ತಾಡಿಸುವ ಮೇಸ್ತ್ರಿಯೊಬ್ಬ ಒಳಗಿದ್ದಾನೆ, ಅವನಿಗೆ ಕಂಟ್ರೋಲರ್ ಎನ್ನುತ್ತಾರೆ. ನೀವು ‘ಈ ಫೈಲಿನ ಮೇಲೆ ಸೊನ್ನೆ ಬರೆ’ ಎಂದರೆ ಅವನು ಹೂಂ ಎಂದು ಸೊನ್ನೆಯನ್ನು ಬೇರೆಲ್ಲೋ ಬರೆಯುತ್ತಾನೆ. ಹಳೆಯದು ತೊಟ್ಟಿಯಲ್ಲಿ ತೊಳೆಯಲು ಕಾಯುತ್ತಿರುತ್ತದೆ. ಅವನ ಬಳಿ ನಮ್ಮ ಲೆಕ್ಕಕ್ಕೆ ಬಾರದ ಹೆಚ್ಚುವರಿ ತಟ್ಟೆಗಳೂ ಇರುತ್ತವೆ.

ಸಮಾಧಾನದ ವಿಷಯವೂ ಇದೆ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಎಂಬ ಆದೇಶ ಬಂದಿದೆ. ಫೈಲ್ ಡಿಲೀಟ್ ಮಾಡಿದ ಕೂಡಲೇ ‘ಈ ಟೇಬಲ್ಲಿನವರು ಎದ್ದರು, ತಟ್ಟೆ ತೆಗೆಯಬಹುದು’ ಎಂದು ವಿಂಡೋಸ್ ಮೇಸ್ತ್ರಿಗೆ ಹೇಳುತ್ತದೆ. ಅವನು ಬಿಡುವಾದಾಗ ತೊಳೆಯುತ್ತಾನೆ. ಹಾಗಾಗಿ ಸಾಮಾನ್ಯ ರಿಕವರಿ ತಂತ್ರಾಂಶಗಳಿಗೆ ಎಸ್‌ಎಸ್‌ಡಿಯಲ್ಲಿ ಸಿಗುವುದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ಕಡಿಮೆ. ಆದರೆ ಯಾವಾಗ ತೊಳೆಯುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು.

ಪೂರ್ತಿ ಖಾತ್ರಿ ಬೇಕಾದರೆ ಮೇಸ್ತ್ರಿಗೇ ನೇರ ಹೇಳಬೇಕು: ಇದ್ದಬದ್ದ ತಟ್ಟೆಯೆಲ್ಲ ಈಗಲೇ ತೊಳಿ. ಅದಕ್ಕೆ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಎಂಬ ಆದೇಶಗಳಿವೆ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಒಳತಂತ್ರಾಂಶ) ಮೆನುವಿನಲ್ಲೇ ಈ ಸೌಲಭ್ಯ ಇರುತ್ತದೆ. ಇಲ್ಲವಾದರೆ ಎಸ್‌ಎಸ್‌ಡಿ ತಯಾರಿಸಿದ ಕಂಪನಿಯೇ ಕೊಡುವ ಉಚಿತ ತಂತ್ರಾಂಶದಲ್ಲಿ ಹುಡುಕಬೇಕು.

ಇದಕ್ಕಿಂತ ಸುಲಭದ ದಾರಿ ಎನ್‌ಕ್ರಿಪ್ಷನ್, ನನಗೆ ಹೆಚ್ಚು ಇಷ್ಟವಾಗುವುದೂ ಅದೇ. ವಿಂಡೋಸಿನಲ್ಲೇ ಇರುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಡಿಸ್ಕಿನಲ್ಲಿರುವುದೆಲ್ಲ ಬೀಗ ಹಾಕಿದ ಪೆಟ್ಟಿಗೆಯೊಳಗಿನದು. ಆ ಕೀಲಿಕೈ ಒಮ್ಮೆ ನಾಶವಾದರೆ ಆಯಿತು. ತೊಟ್ಟಿಯಲ್ಲಿ ತಟ್ಟೆ ಉಳಿದರೂ ಅದರಲ್ಲಿರುವುದು ಯಾರಿಗೂ ಓದಲಾಗದ ಕಲಸುಮೇಲೋಗರ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಅನೇಕ ಕಡೆ ಇದು ತಾನಾಗಿಯೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಕ್ರಿಪ್ಷನ್’ ಎಂದು ಹುಡುಕಿದರೆ ಗೊತ್ತಾಗುತ್ತದೆ. ಪ್ರೋ ಆವೃತ್ತಿಯಲ್ಲಿ ಈಗ ಹೊಸದಾಗಿ ಬಿಟ್‌ಲಾಕರ್ ಹಾಕುವುದಾದರೆ ಬಳಸಿದ ಜಾಗವನ್ನಷ್ಟೇ ಎನ್ನುವ ಆಯ್ಕೆ ಬಿಟ್ಟು ಇಡೀ ಡ್ರೈವ್ ಎಂಬುದನ್ನು ಆರಿಸಿ. ರಿಕವರಿ ಕೀ ಎಂಬ 48 ಅಂಕಿಯ ಸಂಖ್ಯೆ ನಿಮ್ಮ ಖಾತೆಯಲ್ಲಿ ಉಳಿದಿದೆಯೇ ನೋಡಿಕೊಳ್ಳಿ. ರೀಸೆಟ್ ಅರ್ಧದಲ್ಲಿ ನಿಂತರೆ ಅದನ್ನು ಕೇಳಬಹುದು.

ಅಳಿಸುವ ಮೊದಲು ಎತ್ತಿಡುವುದು

ರೀಸೆಟ್ ಮಾಡಿ ಪಶ್ಚಾತ್ತಾಪ ಪಟ್ಟವರನ್ನು ನಾನು ನೋಡಿದ್ದೇನೆ. ಗುಟ್ಟು ಹೊರಬಿತ್ತು ಎಂದು ಅತ್ತವರಿಗಿಂತ, ಇದ್ದದ್ದು ಹೋಯಿತು ಎಂದು ಅತ್ತವರೇ ಅವರಲ್ಲಿ ಹೆಚ್ಚು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತವೆ. ಮೇಲ್‌ಗಳಿರುವ ಔಟ್‌ಲುಕ್‌ನ ಪಿಎಸ್‌ಟಿ ಫೈಲ್, ಸ್ಕ್ಯಾನರ್ ತಾನೇ ಮಾಡಿಕೊಂಡ ಫೋಲ್ಡರ್, ಸಿ ಡ್ರೈವ್‌ನ ಹೊರಗಡೆಯೇ ಯಾರೋ ಸೃಷ್ಟಿಸಿದ ‘ನ್ಯೂ ಫೋಲ್ಡರ್ 3’ ನೆನಪಾಗುವುದಿಲ್ಲ. ಎತ್ತಿಟ್ಟದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ತನಕ ಬ್ಯಾಕಪ್ ಆಯಿತು ಅನ್ನಬೇಡಿ.

ಅಂಗಡಿ–ಹೋಟೆಲಿನವರಾದರೆ ಲೆಕ್ಕಪತ್ರ ಮೊದಲು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಲೆಕ್ಕದ ತಂತ್ರಾಂಶ ಟ್ಯಾಲಿ ಇದ್ದರೆ ಡೇಟಾ ಫೋಲ್ಡರ್ ಎತ್ತಿಡುವುದರ ಜೊತೆಗೆ ಲೈಸೆನ್ಸ್ ಸರೆಂಡರ್ ಮಾಡಿ, ಆಗ ಹೊಸ ಯಂತ್ರದಲ್ಲಿ ಆಕ್ಟಿವೇಟ್ ಮಾಡಲು ತಕರಾರಿರುವುದಿಲ್ಲ. ಅಣ್ಣ ಇದನ್ನು ಮಾಡಿರಲಿಲ್ಲ, ಅದು ಬೇರೆ ಪುರಾಣ.

ಕನ್ನಡದವರಿಗೇ ಬರುವ ಒಂದು ತೊಂದರೆ ಇದೆ, ಇದನ್ನು ಬೇರೆ ಭಾಷೆಯ ಮಾರ್ಗದರ್ಶಿಗಳಲ್ಲಿ ನಾನು ಕಂಡಿಲ್ಲ. ನಾನು ಸಂಘಗಳ ಸ್ಮರಣಸಂಚಿಕೆ, ಆಮಂತ್ರಣ ಪತ್ರಿಕೆಗಳ ಡಿಟಿಪಿ ಮಾಡುವವ. ಮುಂಬಯಿಯ ಕನ್ನಡ ಸಂಘಗಳ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆಯ ವರದಿ, ಸದಸ್ಯರ ಪಟ್ಟಿ, ಲೇಖನಗಳು ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹ, ಇಲ್ಲವೇ ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನವರ ಶ್ರೀಲಿಪಿಯಲ್ಲಿವೆ. ಹಳೆಯ ಆ ಕಡತಗಳಲ್ಲಿ ಬಹಳಷ್ಟು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ–ಚಿಹ್ನೆಗಳ ಸಂಕೇತ. ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಕೂತಿರುವುದು ವಿಂಡೋಸ್ ಫೋಲ್ಡರಿನೊಳಗೆ, ರೀಸೆಟ್ ಮಾಡಿದರೆ ಅದೂ ಹೋಯಿತು. ಆಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ಫೈಲ್ ತೆರೆದರೆ ‘ಕನ್ನಡ’ ಎಂಬ ಪದವಿದ್ದಲ್ಲಿ ಒಂದು ಪಿ, ತಲೆ ಮೇಲೆ ಗೀಟು ಹಾಕಿಕೊಂಡ ಎ, ಪಕ್ಕದಲ್ಲೊಂದು ಪೌಂಡ್ ಚಿಹ್ನೆ. ಫೈಲ್ ಕೆಟ್ಟಿದೆ ಎಂದು ಎಸೆದವರಿದ್ದಾರೆ. ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆದ್ದರಿಂದ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿಯ ಫಾಂಟುಗಳನ್ನು ಎತ್ತಿಟ್ಟುಕೊಳ್ಳಿ. ಮುಖ್ಯವಾದವನ್ನು ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ, ಜೊತೆಗೊಂದು ಪಿಡಿಎಫ್ ಮಾಡಿಡಿ. ಪರಿವರ್ತಕದಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾರುತ್ತವೆ, ಹಾಗಾಗಿ ಮೂಲ ಕಡತ ಬಿಸಾಡಬೇಡಿ.

ನಂಟು ಕಡಿಯುವುದು, ಅದೂ ಸರಿಯಾದ ಕ್ರಮದಲ್ಲಿ

ಇಲ್ಲೊಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಲ್ಯಾಪ್‌ಟಾಪ್ ಮಾರುವ ಅವಸರದಲ್ಲಿ ಕ್ಲೌಡ್ ಜೊತೆ ಹೊಂದಿಕೊಂಡಿದ್ದ ಫೋಲ್ಡರಿನ ಫೈಲುಗಳನ್ನು ಕೂತು ಒಂದೊಂದಾಗಿ ಅಳಿಸಿದೆ. ನಾನು ಅಳಿಸಿದ್ದನ್ನು ಆ ವ್ಯವಸ್ಥೆ ವಿಧೇಯವಾಗಿ ಕ್ಲೌಡ್‌ನಲ್ಲೂ ಅಳಿಸಿತು. ಫೋನಿನಲ್ಲಿ ನೋಡಿದರೆ ಅಲ್ಲೂ ಖಾಲಿ. ತಪ್ಪು ನನ್ನದೇ, ಅದು ಇರುವುದೇ ಎರಡೂ ಕಡೆ ಒಂದೇ ರೀತಿ ಇಡಲು. ಕ್ಲೌಡ್‌ನ ಕಸದಬುಟ್ಟಿಯಲ್ಲಿ ಸಿಕ್ಕಿತು ಎಂದು ಬಚಾವು. ಒನ್‌ಡ್ರೈವ್ ಇರಲಿ, ಗೂಗಲ್ ಡ್ರೈವ್ ಇರಲಿ, ಮೊದಲು ಕಂಪ್ಯೂಟರನ್ನು ಖಾತೆಯಿಂದ ಅನ್‌ಲಿಂಕ್ ಮಾಡಿ, ಆಮೇಲೆ ಅಳಿಸಿ. ಬ್ರೌಸರಿಗೂ ಇದೇ ಮಾತು. ಕ್ರೋಮ್‌ನಲ್ಲಿ ಸಿಂಕ್ ಆನ್ ಇಟ್ಟುಕೊಂಡೇ ಪಾಸ್‌ವರ್ಡುಗಳನ್ನು ಅಳಿಸಿದರೆ ಅವು ನಿಮ್ಮ ಫೋನಿನಿಂದಲೂ ಹೋಗುತ್ತವೆ. ಮೊದಲು ಸೈನ್ ಔಟ್.

ವಾಟ್ಸ್ಆ್ಯಪ್ ಅನ್ನು ಫೋನಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಿಂದ ತೆಗೆಯಿರಿ. ಡಿಜಿಟಲ್ ಸಿಗ್ನೇಚರ್‌ನ ಯುಎಸ್‌ಬಿ ಟೋಕನ್ ಹಿಂದಿನ ಪೋರ್ಟಿನಲ್ಲಿ ಸಿಕ್ಕಿಕೊಂಡೇ ಇರುವುದುಂಟು, ಕಿತ್ತಿಟ್ಟುಕೊಳ್ಳಿ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ತೆಗೆಯಿರಿ, ಇಲ್ಲವಾದರೆ ಕೊಂಡವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ.

ಈಗ ರೀಸೆಟ್

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ‘ರೀಸೆಟ್ ದಿಸ್ ಪಿಸಿ’. ವಿಂಡೋಸ್ 10ರಲ್ಲಿ ರಿಕವರಿ ಇರುವುದು ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’ ಒಳಗೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಮೊದಲ ಪ್ರಶ್ನೆಯಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬುದು ನಮಗಲ್ಲ, ‘ರಿಮೂವ್ ಎವೆರಿಥಿಂಗ್’ ಒತ್ತಬೇಕು. ಆಮೇಲೆ ವಿಂಡೋಸನ್ನು ಇಂಟರ್ನೆಟ್‌ನಿಂದ ಇಳಿಸಲೋ ಇಲ್ಲಿರುವುದನ್ನೇ ಬಳಸಲೋ ಎಂದು ಕೇಳುತ್ತದೆ. ಯಂತ್ರ ಕಿರಿಕಿರಿ ಮಾಡುತ್ತಿದ್ದರೆ ಇಂಟರ್ನೆಟ್‌ನಿಂದ ಇಳಿಸಿ, ಇಲ್ಲವಾದರೆ ಇದ್ದದ್ದೇ ಸಾಕು.

ಎಲ್ಲರೂ ದಾಟಿ ಹೋಗುವ ಜಾಗ ಇನ್ನು ಮುಂದಿನದು. ಆ ಪುಟದಲ್ಲಿ ಸಣ್ಣಕ್ಷರದಲ್ಲಿ ‘ಚೇಂಜ್ ಸೆಟ್ಟಿಂಗ್ಸ್’ ಎಂದಿರುತ್ತದೆ. ಅದನ್ನು ಒತ್ತದೆ ಮುಂದೆ ಹೋದರೆ ವಿಂಡೋಸ್ ಬರೀ ಬೋರ್ಡ್ ಬದಲಾಯಿಸುತ್ತದೆ, ಅದೂ ವಿಂಡೋಸ್ ಇರುವ ಡ್ರೈವಿನದ್ದು ಮಾತ್ರ. ಒತ್ತಿದರೆ ಒಳಗಿರುವ ಸ್ವಿಚ್‌ಗಳಲ್ಲಿ ನಮಗೆ ಬೇಕಾದದ್ದು ಎರಡು. ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಿದರೆ ಹಳೆಯದರ ಮೇಲೆ ನಿಜವಾಗಿ ಬರೆಯುತ್ತದೆ. ‘ಡಿಲೀಟ್ ಫೈಲ್ಸ್ ಫ್ರಮ್ ಆಲ್ ಡ್ರೈವ್ಸ್’ ಆನ್ ಮಾಡಿದರೆ ಡಿ, ಇ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ನಮ್ಮ ಕಡೆ ಕಂಪ್ಯೂಟರ್ ಜೋಡಿಸಿಕೊಡುವವರು ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, ‘ನಿಮ್ಮದೆಲ್ಲ ಡಿಯಲ್ಲಿ ಇಡಿ, ಫಾರ್ಮ್ಯಾಟ್ ಹೊಡೆದರೂ ಹೋಗುವುದಿಲ್ಲ’ ಎಂದು ಕಲಿಸಿದ್ದಾರೆ. ಒಳ್ಳೆಯ ಅಭ್ಯಾಸವೇ. ಮಾರುವ ದಿನ ಮಾತ್ರ ಅದೇ ಕುತ್ತಿಗೆಗೆ ಬರುತ್ತದೆ. ಆ ಸ್ವಿಚ್ ಆನ್ ಮಾಡುವ ಮೊದಲು ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ಎಲ್ಲ ಕಿತ್ತು ಪಕ್ಕಕ್ಕಿಡಿ, ಮರೆಯಬೇಡಿ.

ಸಮಯ ಬೇಕಾಗುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆಯುತ್ತದೆ ಎಂದಿಟ್ಟುಕೊಂಡರೆ 1 ಟಿಬಿ ತುಂಬಲು 10,000 ಸೆಕೆಂಡ್, ಅಂದರೆ ಎರಡೂ ಮುಕ್ಕಾಲು ಗಂಟೆ. ಅದು ಬರೀ ಬರೆಯುವುದಕ್ಕೆ. ಮಧ್ಯೆ ಶೇಕಡಾ ಯಾವುದೋ ಅಂಕಿಯಲ್ಲಿ ನಿಂತಂತೆ ಕಾಣುತ್ತದೆ, ಸ್ವಿಚ್ ಆಫ್ ಮಾಡಬೇಡಿ. ಮುಗಿದ ಮೇಲೆ ಯಾವ ದೇಶ, ಯಾವ ಭಾಷೆ ಎಂದು ಕೇಳುವ ಪರದೆ ಬರುತ್ತದೆ. ಅಲ್ಲೇ ನಿಲ್ಲಿಸಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮುಂದಿನದನ್ನು ಕೊಂಡವರು ತುಂಬಿಕೊಳ್ಳುತ್ತಾರೆ. ವಿಂಡೋಸ್ ಲೈಸೆನ್ಸ್ ಯಂತ್ರಕ್ಕೇ ಅಂಟಿಕೊಂಡಿದ್ದರೆ ಅದು ಮತ್ತೆ ತಾನೇ ಆಕ್ಟಿವೇಟ್ ಆಗುತ್ತದೆ.

ಲಾಗಿನ್ ಪಾಸ್‌ವರ್ಡೇ ಮರೆತಿದ್ದರೆ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ‘ಟ್ರಬಲ್‌ಶೂಟ್’ ಒಳಗೆ ರೀಸೆಟ್ ಸಿಗುತ್ತದೆ. ರೀಸೆಟ್ ಅರ್ಧಕ್ಕೇ ಕೈಕೊಟ್ಟರೆ ಬೇರೆ ಕಂಪ್ಯೂಟರಿನಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು ಅದರಿಂದ ಬೂಟ್ ಮಾಡಬೇಕು. ಆ ದಾರಿಯಲ್ಲಿ ಎಲ್ಲ ಪಾರ್ಟಿಷನ್ (ಸಿ, ಡಿ ಎಂಬ ಭಾಗಗಳು) ಅಳಿಸಿದರೂ ಅದು ಬೋರ್ಡ್ ಕಿತ್ತಂತೆಯೇ. ಆದೇಶವನ್ನು ಟೈಪ್ ಮಾಡಿ ಕೊಡುವ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ ಎಂಬ ಸಾಧನ ತೆರೆದು ‘ಕ್ಲೀನ್ ಆಲ್’ ಕೊಟ್ಟರೆ ಡಿಸ್ಕಿನುದ್ದಕ್ಕೂ ಸೊನ್ನೆ ಬೀಳುತ್ತದೆ. ಬರೀ ‘ಕ್ಲೀನ್’ ಕೊಟ್ಟರೆ ಬೀಳುವುದಿಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ತಪ್ಪು ಡಿಸ್ಕ್ ಆರಿಸಿದರೆ ಕಾಪಾಡುವವರಿಲ್ಲ, ಕೈ ನಡುಗುವವರು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮ್ಯಾಕ್ ಇದ್ದವರಿಗೆ ಕೆಲಸ ಸಣ್ಣದು. ಆ್ಯಪಲ್‌ನದೇ ಚಿಪ್ ಅಥವಾ ಟಿ2 ಚಿಪ್ ಇದ್ದು, ಮ್ಯಾಕ್‌ಒಎಸ್ ಮಾಂಟೆರೆ ಅಥವಾ ಈಚಿನದಾದರೆ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬುದು ಕೀಲಿಕೈ ನಾಶ ಮಾಡಿ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ‘ಫೈಂಡ್ ಮೈ’ ಮತ್ತು ಐಕ್ಲೌಡ್‌ನಿಂದ ಹೊರಬಂದದ್ದು ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಆಕ್ಟಿವೇಷನ್ ಲಾಕ್ ಬಿದ್ದು ಕೊಂಡವರ ಪಾಲಿಗೆ ಅದು ಅಲ್ಯೂಮಿನಿಯಂ ತಟ್ಟೆ. ಕ್ರೋಮ್‌ಬುಕ್‌ನಲ್ಲಿ ‘ಪವರ್‌ವಾಷ್’.

ಆನ್ ಆಗದೇ ಇರುವ ಯಂತ್ರವನ್ನು ಏನು ಮಾಡುವುದು? ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ. ಡಿಸ್ಕ್ ಇಲ್ಲ ಅಂದರೆ ಅಂಗಡಿಯವರು ಸ್ವಲ್ಪ ಇಳಿಸಿ ಕೇಳುತ್ತಾರೆ ಅಷ್ಟೇ, ಬೇಡ ಅನ್ನುವುದಿಲ್ಲ. ಡಿಸ್ಕ್ ಚೆನ್ನಾಗಿದ್ದರೆ ಒಂದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು. ಪೂರ್ತಿ ಸತ್ತಿದ್ದರೆ ಸುತ್ತಿಗೆ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳ ಒಳತಟ್ಟೆ ಅನೇಕ ಸಲ ಗಾಜಿನದು, ಬಟ್ಟೆ ಸುತ್ತಿ ಒಡೆಯಿರಿ, ಕಣ್ಣು ಜೋಪಾನ. ಚೂರನ್ನು ಇ–ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಅಣ್ಣನ ಕಂಪ್ಯೂಟರಿನಲ್ಲಿ ಇದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್. ‘ಹುಡುಗರು’ ಫೋಲ್ಡರನ್ನೂ ಲೆಕ್ಕವನ್ನೂ ಹೊಸ ಯಂತ್ರಕ್ಕೆ ಸಾಗಿಸಿ, ಎದ್ದು ಬಂದಿದ್ದ ನಾಮಕರಣದ ಫೋಟೋಗಳನ್ನು ಅವರ ಕೈಗೆ ಕೊಟ್ಟು (ಅವು ಬೇರೆಲ್ಲೂ ಇರಲಿಲ್ಲವಂತೆ), ಎರಡೂ ಸ್ವಿಚ್ ಆನ್ ಮಾಡಿ ರೀಸೆಟ್ ಒತ್ತಿದಾಗ ರಾತ್ರಿ ಹನ್ನೊಂದೂವರೆ. ಹುಡುಗರು ಕುರ್ಚಿಗಳನ್ನು ಟೇಬಲ್ ಮೇಲೆ ಕವುಚಿ ನೆಲ ಒರೆಸುತ್ತಿದ್ದರು. ಬೆಳಿಗ್ಗೆ ಇಡ್ಲಿ ಇಳಿಯುವ ಹೊತ್ತಿಗೆ ಪರದೆ ಮೇಲೆ ‘ನಿಮ್ಮದು ಯಾವ ದೇಶ’ ಎಂಬ ಪ್ರಶ್ನೆ ಕಾದಿತ್ತು.

ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆವು. ಲ್ಯಾಮಿಂಗ್ಟನ್ ರೋಡಿಗೆ ಸರ್ಕಾರಿ ಹೆಸರು ಡಾ. ಭಡಕಮ್‌ಕರ್ ಮಾರ್ಗ, ಆ ಹೆಸರಲ್ಲಿ ಕೇಳಿದರೆ ಟ್ಯಾಕ್ಸಿಯವನೂ ಒಂದು ಕ್ಷಣ ಯೋಚಿಸುತ್ತಾನೆ. ಅಂಗಡಿಯವನು ಪ್ಲಗ್ ಹಾಕಿ ಪರದೆ ನೋಡಿದ. ‘ಡೇಟಾ ಕಾ ಟೆನ್ಷನ್ ಮತ್ ಲೋ ಶೇಟ್, ಹಮ್ ಉಡಾ ದೇತೇ ಹೈ’ ಅಂದ. ಉಡಾಯಿಸಿ ಆಗಿದೆ ಅಂದೆ. ಅವನು ಪಕ್ಕದ ಮುಚ್ಚಳ ತೆಗೆದು ರ‍್ಯಾಮ್ ಎಷ್ಟಿದೆ ನೋಡಿ, ಫ್ಯಾನಿನ ಮೇಲೆ ಕೂತಿದ್ದ ಎಣ್ಣೆಜಿಡ್ಡನ್ನು ಬೆರಳಲ್ಲಿ ಉಜ್ಜಿ ಮೂಸಿ, ‘ಹೋಟೆಲ್ ಕಾ ಹೈ ಕ್ಯಾ?’ ಎಂದು ಐನೂರು ಇಳಿಸಿದ.

ವಾಪಸ್ ಪ್ಲಾಟ್‌ಫಾರಂನಲ್ಲಿ ಗಾಡಿ ಕಾಯುತ್ತ ಅಣ್ಣನ ಫೋನಿನಲ್ಲಿ ಅವರ ಮೈಕ್ರೋಸಾಫ್ಟ್ ಖಾತೆ ತೆರೆಸಿದೆ. ‘ಡಿವೈಸಸ್’ ಪಟ್ಟಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಇನ್ನೂ ಇತ್ತು. ‘ರಿಮೂವ್’ ಒತ್ತಿದರು. ಅದರ ಕೆಳಗೆ ಇನ್ನೊಂದು ಹೆಸರು ಕಂಡು ನಿಂತರು. ಮೂರು ವರ್ಷದ ಹಿಂದೆ ಭಾವನಿಗೆ ಕೊಟ್ಟ ಲ್ಯಾಪ್‌ಟಾಪ್.

‘ಇದೂ ನನ್ನ ಹೆಸರಲ್ಲೇ ಉಂಟಲ್ಲ ಮಾರಾಯ’ ಅಂದರು. ಬೊರಿವಿಲಿ ಕಡೆಯ ಗಾಡಿ ಬಂತು, ಬಿಟ್ಟೆವು. ಅಲ್ಲೇ ನಿಂತು ಭಾವನಿಗೆ ಫೋನ್ ಹಚ್ಚಿದರು.